ತಗಡಿನ ಮೇಲಿನ ಮಳೆನೀರು

ದಿನಾಲೂ ಮೊದಲು ಮೀನಿಗೆ ಕಾಳು ಹಾಕಿ ಆಮೇಲೆ ಪಲ್ಯ ಕೊಯ್ಯುವುದು ನನ್ನ ರೂಢಿ. ಅವತ್ತು ಮಾತ್ರ ಅದು ತಿರುವುಮುರುವಾಯಿತು. ನಮ್ಮ ಮನೆಯವರಿಗೆ ಸಿಂಧನೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಯಾವುದೋ ಪಂಪನ್ನು ಬೇಗ ಕೊಡಬೇಕಿದೆ ಎಂದು ಅವರು ಅವಸರ ಮಾಡುತ್ತಿದ್ದರು, ಅಲ್ಲಿನ ಖಾಯಂ ಗಿರಾಕಿಗಳಿಗೆ ಕೊಡುವ ನನ್ನ ಪಲ್ಯದ ಕ್ರೇಟು ಅವರ ಬೈಕಿನ ಮೇಲೆಯೇ ಹೋಗಬೇಕು. ಹಾಗಾಗಿ ಹಕ್ಕರಕಿ, ಪಾಲಕ, ಮೆಂತ್ಯ ಕೊಯ್ದು, ಸಿವುಡು ಕಟ್ಟಿ ಕಳಿಸಿಬಿಟ್ಟೆ. ಹಿಂದಿನ ರಾತ್ರಿ ಬಿದ್ದ ಮಳೆಗೆ ಎಲೆಗಳು ತೊಳೆದಿಟ್ಟಂತೆ ಇದ್ದವು. ಇಷ್ಟು ಚೆಂದದ ಹಕ್ಕರಕಿ ಈ ವರ್ಷ ಬಂದಿರಲಿಲ್ಲ ಎಂದುಕೊಂಡದ್ದು ನೆನಪಿದೆ.

ಆಮೇಲೆ ಕಾಳಿನ ಡಬ್ಬಿ ಹಿಡಿದು ತೊಟ್ಟಿಗೆ ಹೋದೆ. ಡಬ್ಬಿಯ ಸಪ್ಪಳಕ್ಕೇ ಗೆಂಡೆ ಮೀನುಗಳು ಬಾಯಿ ತೆರೆದು ಮೇಲೆ ಬರುತ್ತವೆ. ಅವತ್ತು ಒಂದೂ ಬರಲಿಲ್ಲ. ಮೂಲೆಯಲ್ಲಿ ಒಂದು ಮೀನು ಮಗ್ಗುಲಾಗಿ ಬಿದ್ದುಕೊಂಡೇ ಸುತ್ತು ಹೊಡೆಯುತ್ತಿತ್ತು. ಇನ್ನೆರಡು ಗೋಡೆಗೆ ಢಿಕ್ಕಿ ಹೊಡೆದು, ಹಿಂದೆ ಸರಿದು, ಮತ್ತೆ ಅದೇ ಗೋಡೆಗೆ ಹೋಗುತ್ತಿದ್ದವು. ಮೈ ಆಗಾಗ ಸೆಟೆದು ನಡುಗುತ್ತಿತ್ತು. ತಳದಲ್ಲಿ ಕೆಲವು ಬೆಳ್ಳಗೆ ಹೊಟ್ಟೆ ಮೇಲಾಗಿ ಬಿದ್ದಿದ್ದವು.

ನಮ್ಮ ಹಿತ್ತಲಿನ ಏರ್ಪಾಟು ಹೇಳಿಬಿಡುತ್ತೇನೆ. ಒಂದು ದೊಡ್ಡ ತೊಟ್ಟಿಯಲ್ಲಿ ಮೀನು. ಅದರ ಪಕ್ಕ ಎತ್ತರದಲ್ಲಿ ಕಡಿ, ಅಂದರೆ ಜಲ್ಲಿಕಲ್ಲು, ತುಂಬಿದ ಮಡಿಗಳು. ಮಣ್ಣಿಲ್ಲ. ಸಣ್ಣ ಪಂಪು ಮೀನಿನ ನೀರನ್ನು ಮಡಿಗೆ ಎತ್ತುತ್ತದೆ. ಮೀನಿನ ಹೊಲಸನ್ನು ಕಡಿಯ ಮೇಲೆ ಬೆಳೆದ ಕಣ್ಣಿಗೆ ಕಾಣದ ಜೀವಾಣುಗಳು ಗೊಬ್ಬರ ಮಾಡುತ್ತವೆ, ಬೇರು ಅದನ್ನು ಹೀರುತ್ತದೆ, ನೀರು ಸೋಸಿಕೊಂಡು ಮತ್ತೆ ಮೀನಿಗೆ ಇಳಿಯುತ್ತದೆ. ಹೇಳುವಾಗ ಸಲೀಸು. ಮೊದಲು ಮಸ್ಕಿಯಿಂದ ತರಿಸಿದ ಕಡಿಯಲ್ಲಿ ಸುಣ್ಣ ಇತ್ತು. ಎಲೆಯೆಲ್ಲ ಹಳದಿಯಾದ ಮೇಲೆ ಒಂದು ಕಲ್ಲಿಗೆ ನಿಂಬೆರಸ ಹಿಂಡಿ ನೋಡಿದೆ, ಬುರುಗು ಎದ್ದಿತು. ಅಷ್ಟೂ ಕಡಿ ತೆಗೆದು ಬೇರೆ ತುಂಬಿಸಬೇಕಾಯಿತು. ನೀರಿನದು ಇನ್ನೊಂದು ಗೋಳು. ಗೊರೇಬಾಳದ ನಮ್ಮ ಬೋರಿನ ನೀರು ಸವಳು. ಕಾಲುವೆ ನೀರು ಗದ್ದೆಗಳನ್ನೆಲ್ಲ ಹಾದು ಬರುತ್ತದೆ, ಅದನ್ನು ಬಳಸಬಾರದೆಂದು ಮೊದಲೇ ತೀರ್ಮಾನಿಸಿದ್ದೆ. ಉಳಿದದ್ದು ಮಳೆನೀರು. ಹಿಂದಿನ ತಗಡಿನ ಶೆಡ್ಡಿನಿಂದ ಪೈಪು ಇಳಿಸಿ ನೀಲಿ ಡ್ರಮ್ಮುಗಳಲ್ಲಿ ಹಿಡಿಯುತ್ತಿದ್ದೆ. ಡ್ರಮ್ಮು ತುಂಬಿ ಉಕ್ಕಿದ್ದು ಇನ್ನೊಂದು ಪೈಪಿನಿಂದ ನೇರ ತೊಟ್ಟಿಗೆ ಇಳಿಯುತ್ತಿತ್ತು. ವರ್ಷದ ಮೊದಲ ಮಳೆಗಳ ನೀರನ್ನು ಹೊರಗೆ ಬಿಟ್ಟು, ತಗಡು ಸ್ವಚ್ಛವಾದ ಮೇಲೆ ಹಿಡಿಯುತ್ತಿದ್ದೆ. ನಾನು ಹುಟ್ಟಿದ್ದು ಲಿಂಗಸುಗೂರು ಕಡೆಯ ಒಣಭೂಮಿಯಲ್ಲಿ, ಅಲ್ಲಿ ಮಳೆನೀರೆಂದರೆ ಕಣ್ಣಿಗೊತ್ತಿಕೊಳ್ಳುವ ವಸ್ತು. ನನ್ನಲ್ಲಿದ್ದ ನೀರಿನಲ್ಲೆಲ್ಲ ಅದೇ ಶ್ರೇಷ್ಠ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಮೀನು ಸಾಯುತ್ತಿದ್ದರೆ ಮೊದಲು ನೋಡುವುದು ಗಾಳಿ. ತೊಟ್ಟಿಗೆ ಗಾಳಿ ಊದುವ ಕಲ್ಲಿನಿಂದ ಗುಳ್ಳೆ ಸರಿಯಾಗಿಯೇ ಏಳುತ್ತಿತ್ತು. ಕರೆಂಟು ಹೋಗಿತ್ತೇ ಎಂದು ಅತ್ತೆಯನ್ನು ಕೇಳಿದೆ, ಇಲ್ಲ ಎಂದರು. ನಂತರ ಅಮೋನಿಯ. ಪುಟ್ಟ ಶೀಶೆಗೆ ತೊಟ್ಟಿಯ ನೀರು ತುಂಬಿ ಹನಿ ಬಿಟ್ಟು ಅಲ್ಲಾಡಿಸಿದೆ. ಹಸಿರಾದರೆ ಕೆಟ್ಟದ್ದು. ಹಳದಿಯೇ ಉಳಿಯಿತು. ನೈಟ್ರೈಟ್ ನೋಡಿದೆ, ಅದೂ ಸರಿ. ನೀರು ತಣ್ಣಗಿತ್ತು. ಮೀನಿನ ಕಿವಿರು ಎತ್ತಿ ನೋಡಿದರೆ ಕೆಂಪಗೇ ಇತ್ತು, ಮೈಮೇಲೆ ಹುಣ್ಣಿಲ್ಲ, ಬೂಜಿಲ್ಲ. ಮೀನೊಂದನ್ನು ಬಿಟ್ಟು ನನ್ನ ಮುಂದಿದ್ದದ್ದೆಲ್ಲ ಆರೋಗ್ಯವಾಗಿತ್ತು.

ಕಾರಣ ಗೊತ್ತಾಗದಿದ್ದರೆ ತೊಟ್ಟಿಯ ಅರ್ಧ ನೀರು ತೆಗೆದು ಹೊಸ ನೀರು ಹಾಕಬೇಕು. ಮೀನು ಸಾಕುವ ತರಬೇತಿಯಲ್ಲಿ ಕಲಿಸಿದ್ದು ಅದೇ. ಸತ್ತವನ್ನು ತೆಗೆದೆ, ನೀರು ಹೊರಗೆ ಬಿಟ್ಟೆ, ಡ್ರಮ್ಮುಗಳಿಂದ ರಾತ್ರಿಯಷ್ಟೇ ಹಿಡಿದ ಮಳೆನೀರನ್ನು ಕೊಡಗಟ್ಟಲೆ ಹೊತ್ತು ಹೊತ್ತು ಸುರಿದೆ. ಅತ್ತೆಯೂ ಸೊಂಟ ಹಿಡಿದುಕೊಂಡೇ ಕೈಜೋಡಿಸಿದರು. ಇನ್ನು ಸುಧಾರಿಸಿಕೊಳ್ಳುತ್ತವೆ ಎಂದು ಇಬ್ಬರೂ ಕಟ್ಟೆಯ ಮೇಲೆ ಕೂತು ನೋಡಿದೆವು. ಅಲ್ಲಿಯವರೆಗೆ ನೆಟ್ಟಗೆ ಈಜುತ್ತಿದ್ದ ಮೀನುಗಳೂ ನೋಡನೋಡುತ್ತಲೇ ವಾಲತೊಡಗಿದವು. ಒಂದು ನೀರಿನಿಂದ ಹಾರಿ ಕಟ್ಟೆಯ ಆಚೆ ಬಿತ್ತು. ಎತ್ತಿ ಒಳಗೆ ಹಾಕಿದರೆ ಮತ್ತೆ ಹಾರಿತು. ಅತ್ತೆ ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು. ನಾನು ಸುರಿದದ್ದೇ ಅವುಗಳನ್ನು ಕೊಲ್ಲುತ್ತಿದೆ ಎಂದು ಆಗ ಹೊಳೆಯಿತು.

ಆದರೂ ಖಾತ್ರಿ ಮಾಡಿಕೊಳ್ಳಬೇಕಿತ್ತು. ಪಡಸಾಲೆಯಲ್ಲಿ ಮೀನಿನ ಮರಿಗಳ ಟಬ್ಬು ಬೇರೆ ಇತ್ತು. ಅದಕ್ಕೆ ಹಾಕಿದ್ದು ಊರಿನ ಕುಡಿಯುವ ನೀರಿನ ಫಿಲ್ಟರ್ ಘಟಕದಿಂದ ತಂದ ನೀರು. ಆ ಮರಿಗಳು ಆರಾಮಾಗಿ ಆಡಿಕೊಂಡಿದ್ದವು. ಮೂರು ಬಕೆಟ್ ಸಾಲಾಗಿ ಇಟ್ಟೆ. ಒಂದಕ್ಕೆ ಟಬ್ಬಿನದೇ ನೀರು, ಇನ್ನೊಂದಕ್ಕೆ ತೊಟ್ಟಿಯದು, ಮತ್ತೊಂದಕ್ಕೆ ಡ್ರಮ್ಮಿನ ಮಳೆನೀರು. ಒಂದೊಂದರಲ್ಲಿ ಒಂದೊಂದು ಮರಿ ಬಿಟ್ಟೆ. ಮಳೆನೀರಿನ ಮರಿ ಎಲ್ಲಕ್ಕಿಂತ ಮೊದಲು ಸೆಟೆಯಿತು. ತೊಟ್ಟಿಯ ನೀರಿನದು ಸ್ವಲ್ಪ ತಡವಾಗಿ. ಟಬ್ಬಿನ ನೀರಿನದಕ್ಕೆ ಏನೂ ಆಗಲಿಲ್ಲ.

ಮಳೆಯಲ್ಲಿ ವಿಷ ಬರುವುದಿಲ್ಲ. ತಲೆ ಎತ್ತಿ ತಗಡು ನೋಡಿದೆ. ತಗಡಿನ ಆಚೆಗೆ ಬೇಲಿ, ಬೇಲಿಗೆ ಹತ್ತಿಕೊಂಡೇ ಬಾಜೂ ಹೊಲದವರ ಭತ್ತದ ಗದ್ದೆ. ಮಳೆಗೆ ಮುಂಚೆ ಅಲ್ಲಿ ಬೆಳೆಗೆ ಔಷಧ ಸಿಂಪಡಿಸುವ ಡ್ರೋನ್ ಹಾರಿತ್ತು. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಾ ನಾನೇ ನಿಂತು ನೋಡಿದ್ದೆ. ಗಾಳಿ ನಮ್ಮ ಕಡೆಗಿತ್ತು, ಮೂಗಿಗೆ ಘಾಟು ಬಂದಿತ್ತು, ಬಟ್ಟೆಗೆ ವಾಸನೆ ಹತ್ತುತ್ತದೆಂದು ತೆಗೆದುಕೊಂಡು ಕೆಳಗಿಳಿದಿದ್ದೆ.

ಬಾಜೂ ಹೊಲದವರು ವಯಸ್ಸಾದವರು, ನಾನು ಅವರನ್ನು ಕಾಕಾ ಎನ್ನುತ್ತೇನೆ. ಬದುವಿನ ಮೇಲೆ ಸಿಕ್ಕರು. ಮೊನ್ನೆ ಏನು ಹೊಡೆಸಿದಿರಿ ಎಂದು ಕೇಳಿದೆ.

"ಜಿಗಿಹುಳಕ್ಕ ಯವ್ವಾ. ಅಂಗಡ್ಯಾಗ ಎರಡು ಎಣ್ಣಿ ಕೂಡಿಸಿ ಕೊಟ್ಟಾರ. ಯಾಕ, ಏನಾತು?"

ನಮ್ಮ ಕಡೆ ಬೆಳೆಗೆ ಹೊಡೆಯುವ ವಿಷಕ್ಕೆ ಎಣ್ಣಿ ಅಂತಲೇ ಹೆಸರು. ಏನಾಯಿತೆಂದು ಹೇಳುವ ಬದಲು ಕರೆದುಕೊಂಡು ಬಂದು ತೊಟ್ಟಿ ತೋರಿಸಿದೆ. ಅವರು ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡು ತೊಟ್ಟಿಯೊಳಗೆ ಬಗ್ಗಿ ನೋಡಿದರು.

"ನಾ ನನ್ನ ಹೊಲದಾಗ ಹೊಡಿಸೀನಿ. ನಿನ್ನ ಮನಿಮ್ಯಾಲೆ ಹೊಡಿಸಿಲ್ಲ," ಎಂದರು. ಸಿಟ್ಟಿನ ಮಾತಲ್ಲ, ತಮಗೆ ತಾವೇ ಬಿಡಿಸಿ ಹೇಳಿಕೊಳ್ಳುವ ಹಾಗಿತ್ತು. "ಜಿಗಿಹುಳ ಬಿದ್ರ ಗದ್ದಿ ಸುಟ್ಟಂಗ ಆಗತೈತಿ. ಆಳು ಬರಂಗಿಲ್ಲ. ಡ್ರೋನ್ ಕರಸಲಾರದ ಏನು ಮಾಡ್ಲಿ, ನೀನ ಹೇಳು."

ನಮ್ಮ ಮನೆಯ ಅನ್ನವೂ ಈ ಗದ್ದೆಗಳಿಂದಲೇ ಬರುತ್ತದೆ. ಭತ್ತದವರ ಪಂಪು ಸುಡದಿದ್ದರೆ ನಮ್ಮ ಅಂಗಡಿಗೆ ಕೆಲಸವಿಲ್ಲ. ಕಾಕಾ ಅಲ್ಲಿಂದ ಹೋದ ಮೇಲೆ ಮಡಿಗಳ ಕಡೆ ತಿರುಗಿದೆ. ಕೊಯ್ದ ಹಕ್ಕರಕಿಯ ಬುಡಗಳು ಕಂಡವು. ಅದೇ ಮಳೆ ಆ ಎಲೆಗಳ ಮೇಲೂ ಬಿದ್ದಿತ್ತು, ಅದಕ್ಕೂ ಮುಂಚೆ ಅದೇ ಗಾಳಿ ಬೀಸಿತ್ತು, ಅದೇ ನೀರು ಬೇರಿಗೂ ಹರಿದಿತ್ತು. ಅಷ್ಟೊತ್ತಿಗೆ ಪಲ್ಯ ಸಿಂಧನೂರಿನ ಮನೆಗಳನ್ನು ಸೇರಿ ಯಾವ ಕಾಲವೋ ಆಗಿತ್ತು.

ನಮ್ಮ ಮನೆಯವರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, "ಬೋಲ್ಕೊ ಕ್ಯಾ ಕರ್ತೀ?" ಎಂದರು. ಗಿರಾಕಿಗಳಿಗೆ ಹೇಳಿ ಏನು ಮಾಡುತ್ತೀ ಎಂದು. ಒರಟು ಮಾತಲ್ಲ ಅದು, ಲೆಕ್ಕ ಹಾಕಿ ಆಡಿದ್ದು. ಮೀನಿಗೆ ಸೂಜಿಮೊನೆಯಷ್ಟು ವಿಷ ಸಾಕು, ಮನುಷ್ಯರಿಗೆ ಅಷ್ಟರಿಂದ ಏನೂ ಆಗುವುದಿಲ್ಲ. ಬಜಾರಿನ ಪಲ್ಯಕ್ಕೆ ನೇರವಾಗಿ ಮೈಮೇಲೆಯೇ ಹೊಡೆಯುತ್ತಾರೆ, ಇದೇ ಜನ ಅದನ್ನೇ ತಿಂದು ಬೆಳೆದವರು. ಈಗ ನೀನು ಹೇಳಿದರೆ ಅವರು ಮತ್ತೆ ಬಜಾರಿನ ಪಲ್ಯಕ್ಕೇ ಹೋಗುತ್ತಾರೆ. ಯಾರಿಗೆ ಒಳ್ಳೆಯದು ಮಾಡಿದ ಹಾಗಾಯಿತು? ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಹೂಂ ಎಂದು ಫೋನ್ ಇಟ್ಟೆ.

ಇಟ್ಟ ಮೇಲೆ ನನಗೆ ಒಂದೇ ಯೋಚನೆ. ಬಜಾರಿನ ಪಲ್ಯ ಕೊಂಡವರು ಅದನ್ನು ನಂಬುವುದಿಲ್ಲ. ಉಪ್ಪುನೀರಿನಲ್ಲಿ ನೆನೆಸುತ್ತಾರೆ, ನಾಲ್ಕು ನೀರು ತೊಳೆಯುತ್ತಾರೆ, ಕುದಿಸುತ್ತಾರೆ. ನನ್ನ ಹಕ್ಕರಕಿಯನ್ನು ಸಿವುಡು ಬಿಚ್ಚಿ ಹಸಿಯಾಗಿಯೇ ರೊಟ್ಟಿಯ ಜೊತೆ ತಿನ್ನುತ್ತಾರೆ. ತೊಳೆಯದಿದ್ದರೂ ನಡೆಯುತ್ತದೆ, ಎಣ್ಣಿ ಮುಟ್ಟಿಲ್ಲ ಎಂದು ಹೇಳಿ ಕೊಟ್ಟವಳು ನಾನು. ಆ ಮನೆಗಳಲ್ಲಿ ಒಬ್ಬರು ಶಾಲಾ ಶಿಕ್ಷಕಿ, ಬಸುರಿ. ಮೊದಲ ಸಲ ಹೊಟ್ಟೆಯಲ್ಲಿದ್ದದ್ದು ನಿಂತಿರಲಿಲ್ಲ. ಈ ಸಲ ಬಾಯಿಗೆ ಹೋಗುವುದನ್ನೆಲ್ಲ ನೋಡಿ ನೋಡಿ ತಿನ್ನುತ್ತೇನೆಂದು ನನ್ನಲ್ಲಿಗೆ ಬಂದಿದ್ದರು.

ಪಲ್ಯ ಕೊಳ್ಳುವವರ ವಾಟ್ಸಾಪ್ ಗುಂಪಿಗೆ ನಡೆದದ್ದನ್ನು ನಡೆದಂತೆ ಬರೆದು ಹಾಕಿದೆ. ಇವತ್ತು ಬಂದ ಪಲ್ಯ ತಿನ್ನಬೇಡಿ, ದನಕ್ಕೂ ಹಾಕಬೇಡಿ, ನಾನೇ ಬಂದು ಒಯ್ಯುತ್ತೇನೆ. ಶಿಕ್ಷಕಿಗೆ ಮಾತ್ರ ಫೋನ್ ಹಚ್ಚಿದೆ, ಎತ್ತಲಿಲ್ಲ. ಬುರ್ಖಾ ಹಾಕಿಕೊಂಡು ರಸ್ತೆಗೆ ಬಂದು ಆಟೋ ಹತ್ತಿದೆ.

ಒಂದೊಂದು ಮನೆಯಲ್ಲಿ ಒಂದೊಂದು ತರಹ. ಒಬ್ಬರು ಸಿವುಡನ್ನು ಬಾಗಿಲಲ್ಲೇ ಕೈಗಿಟ್ಟು ಬಾಗಿಲು ಹಾಕಿಕೊಂಡರು. ಒಬ್ಬ ಹಿರಿಯರು, ಇಷ್ಟಕ್ಕೆಲ್ಲ ಯಾಕಮ್ಮಾ ಆಟೋ ಮಾಡಿಕೊಂಡು ಬಂದಿ ಎಂದು ನಕ್ಕರು. ಒಂದು ಮನೆಯಾಕೆ, ಇದಕ್ಕೂ ಮುಂಚೆ ಎಷ್ಟು ಸಲ ಹೀಗಾಗಿತ್ತೋ ನಿನಗೇನು ಗೊತ್ತು ಎಂದು ಕೇಳಿದರು. ಆ ಪ್ರಶ್ನೆ ನನಗೆ ಅಲ್ಲಿಯವರೆಗೆ ಬಂದೇ ಇರಲಿಲ್ಲ. ಮೀನು ಸಾಯದೆ ಹೋದ ದಿನಗಳಲ್ಲಿ ಎಲೆಯ ಮೇಲೆ ಏನು ಬಿದ್ದಿತ್ತೋ ನಿಜವಾಗಿಯೂ ನನಗೆ ಗೊತ್ತಿರಲಿಲ್ಲ.

ಶಿಕ್ಷಕಿ ಶಾಲೆಯಿಂದ ಆಗತಾನೇ ಬಂದಿದ್ದರು. ಗೋಡೆಯ ಮೇಲಿನ ಬುದ್ಧನ ಚಿತ್ರದ ಕೆಳಗೆ ಕುರ್ಚಿ ಹಾಕಿ ಕೂರಲು ಹೇಳಿದರು. ಫೋನ್ ಚೀಲದಲ್ಲೇ ಉಳಿದಿತ್ತಂತೆ. ನಾನು ನಿಂತೇ ಹೇಳಿದೆ. ಅವರ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಹಕ್ಕರಕಿ ಡಬ್ಬಿಗೆ ಒಯ್ದಿದ್ದೆ ಅಕ್ಕಾರ," ಎಂದರು ಶಿಕ್ಷಕಿ. "ತಿಂದುಬಿಟ್ಟೀನಿ."

"ತೊಳೆದಿದ್ರೇನ್ರಿ?"

ಅವರು ನನ್ನ ಮುಖವನ್ನೇ ನೋಡಿದರು. "ನೀವ ಬ್ಯಾಡಂದಿದ್ರಲ್ರೀ."

ಅವರ ಅತ್ತೆ ಬೈದಿದ್ದರೆ ನಾನು ನಿಂತು ಬೈಸಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಸೊಸೆಯ ಪಕ್ಕ ಬಂದು ಕೂತು ಅವರ ಮುಂಗೈ ಹಿಡಿದುಕೊಂಡರು. ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ ಎಂದೆ. ಹೋದೆವು. ಡಾಕ್ಟರು ಯಾವ ವಿಷ, ಎಷ್ಟು ತಿಂದಿರಿ, ವಾಂತಿ ಆಯಿತೇ, ತಲೆ ಸುತ್ತುತ್ತದೆಯೇ ಎಂದೆಲ್ಲ ಕೇಳಿದರು. ವಾಂತಿ, ತಲೆಸುತ್ತು ಯಾವುದೂ ಇರಲಿಲ್ಲ. ಕಾಕಾಗೆ ಫೋನ್ ಮಾಡಿ ಎರಡೂ ಬಾಟಲಿಗಳ ಮೇಲಿನ ಹೆಸರು ಕೇಳಿ ಹೇಳಿದೆ. ಇಷ್ಟರಿಂದ ತೊಂದರೆ ಆಗಲಾರದು, ಆದರೂ ಸ್ಕ್ಯಾನಿಂಗಿಗೆ ತಪ್ಪದೆ ಬರುತ್ತಿರಿ ಎಂದರು ಡಾಕ್ಟರು. ಆಗಲಾರದು ಎಂಬ ಮಾತನ್ನು ಹಿಡಿದುಕೊಂಡು ಮೂವರು ಹೆಂಗಸರು ಹೊರಗೆ ಬಂದೆವು. ಆಗುವುದಿಲ್ಲ ಎಂದು ಅವರು ಹೇಳಲಿಲ್ಲ ಎಂಬುದು ಮೂವರಿಗೂ ಕೇಳಿಸಿತ್ತು.

ಮನೆಗೆ ಬಂದಾಗ ತೊಟ್ಟಿಯಲ್ಲಿ ಒಂದೂ ಉಳಿದಿರಲಿಲ್ಲ. ಕಾಗೆ, ನಾಯಿ ತಿನ್ನದ ಹಾಗೆ ಆಳವಾಗಿ ಗುಂಡಿ ತೋಡಿ ಮೀನನ್ನೂ ವಾಪಸು ತಂದ ಪಲ್ಯವನ್ನೂ ಹೂಳಿದೆವು. ಗುಂಡಿ ತೋಡಿದವರು ನಮ್ಮ ಮನೆಯವರು. ಗುದ್ದಲಿ ತೊಳೆಯುತ್ತಾ, ಗುಂಪಿನಿಂದ ಎಷ್ಟೋ ಜನ ಹೊರಗೆ ಹೋದರು, ನೋಡಿದಿಯಾ ಎಂದರು ಅಷ್ಟೆ. ನೋಡಿದ್ದೆ.

ಡ್ರಮ್ಮಿನ ನೀರು, ತಳದ ರಾಡಿ, ಮಡಿಯಲ್ಲಿ ಉಳಿದಿದ್ದ ಎಲೆ, ಮೂರನ್ನೂ ರಾಯಚೂರಿನ ಪ್ರಯೋಗಾಲಯವೊಂದಕ್ಕೆ ಕಳಿಸಿದೆ. ಉತ್ತರ ಬಹಳ ದಿನ ಬರಲಿಲ್ಲ. ಬಂದಾಗ, ನೀರಿನಲ್ಲೂ ರಾಡಿಯಲ್ಲೂ ವಿಷ ಧಾರಾಳವಾಗಿಯೇ ಇತ್ತು. ಎಲೆಯಲ್ಲಿ ಇತ್ತು, ಆದರೆ ಕಾನೂನು ಒಪ್ಪುವ ಮಿತಿಯ ಒಳಗೆ. ಅಂದರೆ ನಾನು ಸುಮ್ಮನಿದ್ದಿದ್ದರೂ ತಪ್ಪೆನ್ನುವವರು ಯಾರೂ ಇರಲಿಲ್ಲ. ಆ ವರದಿಯನ್ನು ಗುಂಪಿಗೆ ಹಾಕಿದೆ. ಹೋದವರು ಯಾರೂ ಮರಳಿ ಬರಲಿಲ್ಲ. ನನಗೂ ಅದರಿಂದ ಸಮಾಧಾನವೇನೂ ಆಗಲಿಲ್ಲ, ಮಿತಿ ಎಂಬುದನ್ನು ಹೊಟ್ಟೆಯಲ್ಲಿರುವ ಕೂಸಿನ ಲೆಕ್ಕದಲ್ಲಿ ಹಾಕಿದ್ದಾರೋ ಇಲ್ಲವೋ ಯಾರಿಗೆ ಗೊತ್ತು.

ಈ ಕೆಲಸ ಇಲ್ಲಿಗೇ ಬಿಡಬೇಕೆಂದು ಎಷ್ಟೋ ಸಲ ಅನಿಸಿತು. ನೀರೇ ಇಲ್ಲದ ತವರಿನ ಕಡೆ ಈ ತೊಟ್ಟಿ ಕಟ್ಟಬಹುದಿತ್ತು, ಅಲ್ಲಿ ಭತ್ತವಿಲ್ಲ, ಡ್ರೋನ್ ಇಲ್ಲ. ಆದರೆ ನಮ್ಮ ಸಂಸಾರ ಇರುವುದು ಗೊರೇಬಾಳದಲ್ಲಿ, ಮಕ್ಕಳು ಉಣ್ಣುವುದೂ ಇಲ್ಲೇ. ಕೊನೆಗೆ ಅತ್ತೆಯೇ, ಕಲ್ಲು ತೊಳಿ, ನೋಡೋಣ ಎಂದರು. ಕಡಿಯನ್ನೆಲ್ಲ ಮಡಿಯಿಂದ ತೆಗೆದು ಬುಟ್ಟಿಬುಟ್ಟಿಯಾಗಿ ತೊಳೆದೆವು. ತೊಳೆದ ನೀರನ್ನು ಗದ್ದೆಯ ಕಡೆ ಬಿಡದೆ ಗುಂಡಿಯಲ್ಲೇ ಇಂಗಿಸಿದೆವು. ಹಳೆಯ ಜೀವಾಣುಗಳೆಲ್ಲ ಹೋದ ಮೇಲೆ ಕಡಿ ಬರೀ ಕಲ್ಲು. ಮತ್ತೆ ಮೊದಲಿನಿಂದ ಅವನ್ನು ಬೆಳೆಸಬೇಕು. ಮಡಿಯ ಮೇಲೆ ಪಾಲಿಥೀನ್ ಚಾವಣಿ ಹಾಕಿಸಿದೆ, ಗದ್ದೆಯ ಬದಿಗೆ ಎಳೆದು ಕಟ್ಟುವಂಥ ತಾಡಪತ್ರಿ. ತಗಡಿನ ಪೈಪು ಕಿತ್ತು ಹಾಕಿದೆ. ನೀರಿಗೆ ಈಗ ಫಿಲ್ಟರ್ ಘಟಕವೇ ಗತಿ. ತೊಟ್ಟಿ ಚಿಕ್ಕದಾಯಿತು. ಮಳೆ ಬಂದಾಗ ಅಷ್ಟು ನೀರು ಸುಮ್ಮನೆ ಹರಿದು ಹೋಗುವುದನ್ನು ನೋಡಲು ಇನ್ನೂ ಕಷ್ಟವಾಗುತ್ತದೆ. ಕೊಟ್ಟ ಪಲ್ಯವನ್ನು ತೊಳೆದೇ ತಿನ್ನಿ ಎಂದು ಪ್ರತಿ ಸಿವುಡಿನ ಜೊತೆಗೂ ಹೇಳಿ ಕೊಡುತ್ತೇನೆ.

ಕಾಕಾ ಒಂದು ಮಾತು ಕೊಟ್ಟರು. ಹೊಡೆಸುವ ದಿನ ಮೊದಲೇ ಫೋನ್ ಮಾಡುತ್ತೇನೆ, ನೀನು ಮುಚ್ಚಿಕೋ ಎಂದು. ಬಿಡುತ್ತೇನೆ ಎಂದು ಅವರೂ ಅನ್ನಲಿಲ್ಲ, ಬಿಡಿ ಎಂದು ನಾನೂ ಕೇಳಲಿಲ್ಲ.

ಶಿಕ್ಷಕಿಗೆ ಹೆಣ್ಣುಮಗು ಹುಟ್ಟಿತು. ತಾಯಿ, ಕೂಸು ಇಬ್ಬರೂ ಚೆನ್ನಾಗಿದ್ದಾರೆ. ಸುದ್ದಿ ಕೇಳಿ ನೋಡಲು ಹೋದೆ. ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿದರು, ಚಹ ಕೊಟ್ಟರು. ಏಳುವ ಹೊತ್ತಿಗೆ ಅವರೇ ಆ ಮಾತು ತೆಗೆದರು.

"ನೀವು ಹೇಳಿದ್ದು ಚಲೋನ ಆತ್ರಿ ಅಕ್ಕಾರ. ಆದ್ರ ಹೇಳಿದ ಮ್ಯಾಲೆ ಇಕಿ ಹುಟ್ಟೋತನಕ ನಾ ಒಂದಿನಾನೂ ಕಣ್ತುಂಬ ನಿದ್ದಿ ಮಾಡಲಿಲ್ಲ."

ನಾನು ಕೂಸಿನ ಕಾಲು ಹಿಡಿದುಕೊಂಡು ಕೂತೆ. ಅವರು ಮತ್ತೆ ಪಲ್ಯ ಕೇಳಲಿಲ್ಲ. ಕೇಳಲಿ ಎಂದು ನಾನು ಹೋಗಿರಲೂ ಇಲ್ಲ.

ಹೋದ ಬೇಸಿಗೆಯ ಭತ್ತಕ್ಕೆ ಮತ್ತೆ ಹುಳ ಬಿತ್ತು. ಕಾಕಾ ಮಾತಿನಂತೆ ಬೆಳಿಗ್ಗೆಯೇ ಫೋನ್ ಮಾಡಿದರು. ತಾಡಪತ್ರಿ ಎಳೆದು ಕಟ್ಟಿ, ಪಂಪು ಬಂದ್ ಮಾಡಿ, ಗಾಳಿ ಯಾವ ಕಡೆಗಿದೆ ನೋಡೋಣ ಎಂದು ಮಾಳಿಗೆ ಹತ್ತಿದೆ. ಅವತ್ತು ಗಾಳಿ ನಮ್ಮ ಕಡೆ ಇರಲಿಲ್ಲ. ಆಚೆ ಹೊಲದ ಕಡೆಗಿತ್ತು. ಅಲ್ಲಿ ಜವಳಗೇರಾದಿಂದ ಬಂದ ಹೆಣ್ಣಾಳುಗಳು ಸಾಲಾಗಿ ಬಗ್ಗಿ ಕಳೆ ಕೀಳುತ್ತಿದ್ದರು. ಈಚೆ ಬದುವಿನ ಮೇಲೆ ಡ್ರೋನಿನವರು ಬ್ಯಾಟರಿ ಹಾಕುತ್ತಿದ್ದರು. ಕೂಗಿದೆ, ಕೇಳಿಸಲಿಲ್ಲ. ಕೆಳಗಿಳಿದು ಬದುವಿನ ಮೇಲೆ ಹೋಗಿ, ಸ್ವಲ್ಪ ಹೊತ್ತು ನಮ್ಮ ಹಿತ್ತಲಿಗೆ ಬನ್ನಿ ಎಂದು ಆ ಹೆಂಗಸರನ್ನು ಕರೆದೆ. ಮುಂದಿನ ಸಾಲಿನಲ್ಲಿದ್ದಾಕೆ, ಅವರ ಮುಖಂಡಳು, ಸೊಂಟ ನೆಟ್ಟಗೆ ಮಾಡಿ ನನ್ನನ್ನೂ ಡ್ರೋನನ್ನೂ ನೋಡಿದಳು. ದಿನಾ ಇರುವುದೇ, ಸೆರಗು ಕಟ್ಟಿಕೊಳ್ಳುತ್ತೇವೆ ಎಂದಳು. ಬಿಡದೆ ಕರೆದೆ. ಬಂದರು. ಕಟ್ಟೆಯ ಮೇಲೆ ಕೂತು ನೀರು ಕುಡಿದರು. ತಾಡಪತ್ರಿ ನೋಡಿ ಇದೇನೆಂದು ಕೇಳಿದರು. ಮೀನು, ಅವುಗಳಿಗೆ ಎಣ್ಣಿ ತಾಕಬಾರದು, ಅದಕ್ಕೇ ಹೊಲದವರು ಮೊದಲೇ ಫೋನ್ ಮಾಡುತ್ತಾರೆ ಎಂದು ಹೇಳಿದೆ.

ಮುಖಂಡಳು ತಾಡಪತ್ರಿಯ ಅಂಚು ಮುಟ್ಟಿ ನೋಡಿದಳು. "ಮೀನಿಗೆ ಫೋನ್ ಬರತೈತಿ ಅನ್ನು," ಎಂದಳು. ನಗಲಿಲ್ಲ.

ಅವಳ ನಂಬರು ಕೇಳಿ ತೆಗೆದುಕೊಂಡೆ. ಈಗ ಕಾಕಾರ ಫೋನ್ ಬಂದರೆ ಮೊದಲು ಆ ನಂಬರಿಗೆ ಹಚ್ಚುತ್ತೇನೆ, ತಾಡಪತ್ರಿ ಎಳೆಯುವುದು ಆಮೇಲೆ. ಎಷ್ಟೋ ಸಲ ಅವಳು ಎತ್ತುವುದಿಲ್ಲ. ಫೋನ್ ಬುತ್ತಿಯ ಚೀಲದಲ್ಲಿ ಗಿಡದ ಟೊಂಗೆಗೆ ತೂಗುತ್ತಿರುತ್ತದೆ, ಅವರು ಗದ್ದೆಯ ನಡುವೆ ಬಗ್ಗಿರುತ್ತಾರೆ. ಆಗ ಚಪ್ಪಲಿ ಬಿಟ್ಟು ಬದುವಿನ ಮೇಲೆ ಓಡುತ್ತೇನೆ, ಡ್ರೋನ್ ಏಳುವುದರೊಳಗೆ.